ಕೇಳುವ ಮೊದಲೇ ತೀರ್ಪೇ?

ನಮ್ಮ ಸಂಘದ ಸಭೆಯೊಂದರಲ್ಲಿ ಹಿರಿಯರೊಬ್ಬರು, ಪಾಶ್ಚಾತ್ಯರ ಕುಣಿತದ ಸಂಗೀತವು ಬರಿಯ ಯಂತ್ರಗಳ ಗದ್ದಲವೆಂದೂ, ಅದರಲ್ಲಿ ಹೃದಯವಿಲ್ಲವೆಂದೂ, ವಿದ್ಯಾರ್ಥಿಗಳನ್ನು ಅದರಿಂದ ದೂರವಿಡುವುದು ಉಪಾಧ್ಯಾಯರ ಧರ್ಮವೆಂದೂ ನುಡಿದರು. ಸಭೆ ಚಪ್ಪಾಳೆ ತಟ್ಟಿತು, ನಾನೂ ತಟ್ಟಿದೆ. ಮನೆಗೆ ಬಂದ ಮೇಲೆ ನಾಚಿಕೆಯಾಯಿತು. ಅಂತಹ ಒಂದು ಹಾಡನ್ನಾದರೂ ನಾನು ಮೊದಲಿನಿಂದ ಕೊನೆಯವರೆಗೆ ಕೇಳಿರಲಿಲ್ಲ.

ಸೋದರಳಿಯನನ್ನು ಕರೆದು, ಈ ಬಗೆಯದರಲ್ಲಿ ಹೆಸರಾದುದೊಂದನ್ನು ಕೇಳಿಸೆಂದೆ. “ಬೈಯುವುದಾದರೆ ಪೂರ್ತಿ ಕೇಳಿಯೇ ಬೈಯಿರಿ, ಮಾವಾ” ಎಂದು ಅವನು ತನ್ನ ಮೊಬೈಲನ್ನು ನನ್ನ ಮುಂದಿಟ್ಟನು.

ಅದು ಮ್ಯಾಂಚೆಸ್ಟರಿನ ‘ನ್ಯೂ ಆರ್ಡರ್’ ತಂಡವು 1983ರಲ್ಲಿ ಹೊರತಂದ ‘ಪವರ್, ಕರಪ್ಷನ್ ಅಂಡ್ ಲೈಸ್’. ಎಂಟು ಹಾಡು, ನಲವತ್ತು ನಿಮಿಷಕ್ಕೆ ತುಸು ಹೆಚ್ಚು. ಹೆಸರನ್ನು ಕೇಳಿದೊಡನೆ ಹುಬ್ಬು ಗಂಟಿಕ್ಕುವವರು ಹೊದಿಕೆಯನ್ನೂ ನೋಡಲಿ. ಅಲ್ಲಿರುವುದು ಫ್ರೆಂಚ್ ಕಲಾವಿದ ಫಾಂತಾಂ-ಲಾತೂರ್ 1890ರಲ್ಲಿ ಬರೆದ ಗುಲಾಬಿಯ ಬುಟ್ಟಿ.

ಈ ತಂಡದ ಹಿಂದೆ ಒಂದು ಸಾವಿದೆ. ಇದರ ಮೂವರು ಮೊದಲು ‘ಜಾಯ್ ಡಿವಿಷನ್’ ಎಂಬ ತಂಡದಲ್ಲಿದ್ದರು. ಅದರ ಹಾಡುಗಾರ ಇಯಾನ್ ಕರ್ಟಿಸ್ 1980ರ ಮೇ ತಿಂಗಳಲ್ಲಿ, 23ನೆಯ ವಯಸ್ಸಿನಲ್ಲಿ, ಪ್ರಾಣ ಕಳೆದುಕೊಂಡನು. ಉಳಿದವರು ಗಿಲಿಯನ್ ಗಿಲ್ಬರ್ಟ್ ಎಂಬಾಕೆಯನ್ನು ಸೇರಿಸಿಕೊಂಡು ಹೊಸ ಹೆಸರಿನಿಂದ ಮುಂದುವರಿದರು. ಗಿಟಾರ್ ನುಡಿಸುತ್ತಿದ್ದ ಬರ್ನಾರ್ಡ್ ಸಮ್ನರ್ ಹಾಡುಗಾರನೂ ಆಗಬೇಕಾಯಿತು. ಶೋಕದಿಂದ ಕುಣಿತಕ್ಕೆ ನಡೆದ ದಾರಿ ಅವರದು. ಇದು ಹೃದಯವಿಲ್ಲದವರ ಕೆಲಸವೇ?

ಇನ್ನು ಯಂತ್ರದ ಮಾತು. ಸ್ವರಗಳನ್ನು ಸಾಲಾಗಿ ನುಡಿಸುವ ಉಪಕರಣವೊಂದನ್ನು ಸಮ್ನರನು ಬಿಡಿಭಾಗಗಳನ್ನು ಕೊಂಡು ತಾನೇ ಜೋಡಿಸಿದನು. ಅದೇ ವರ್ಷ ಮಾರ್ಚಿಯಲ್ಲಿ ಬಂದ ಅವರ ‘ಬ್ಲೂ ಮಂಡೇ’ ಹಾಡಿಗಾಗಿ ಗಿಲ್ಬರ್ಟ್ ಒಂದೊಂದು ಸ್ವರವನ್ನೂ ಹಾಳೆಗಳ ಮೇಲೆ ಬರೆದು, ಹಾಳೆಗಳನ್ನು ಉದ್ದಕ್ಕೆ ಅಂಟಿಸಿ, ಕೈಯಿಂದಲೇ ಯಂತ್ರಕ್ಕೆ ತುಂಬಿದಳು. ನಡುವೆ ಒಂದು ಸ್ವರ ಬಿಟ್ಟುಹೋಗಿ ರಾಗವು ತಾಳದಿಂದ ತುಸು ಸರಿಯಿತು. ಆ ತಪ್ಪು ಹಾಗೆಯೇ ಉಳಿದು ಲೋಕವನ್ನೇ ಕುಣಿಸಿತು. ಮಗ್ಗಿಯ ಪಟ ಬರೆಯುವಾಗ ಒಂದು ಸಾಲನ್ನು ಬಿಟ್ಟ ಉಪಾಧ್ಯಾಯರು ಈ ಹೆಂಗಸನ್ನು ಯಂತ್ರವೆಂದು ಕರೆಯಲಾರರು.

ನಾನು ಕೇಳಿದ ಮೊದಲ ಹಾಡಿನಲ್ಲಿ, ಕೆಳಗೆ ಶ್ರುತಿಯಂತೆ ಅಡಗಿರಬೇಕಾದ ಬೇಸ್ ಗಿಟಾರೇ ಮೇಲೇರಿ ರಾಗವನ್ನು ಹೇಳುತ್ತದೆ. ಐದನೆಯದಾದ ‘ಯುವರ್ ಸೈಲೆಂಟ್ ಫೇಸ್’ನಲ್ಲಿ ವಿದ್ಯುದ್ವಾದ್ಯಗಳ ನಿಧಾನವಾದ ಅಲೆಯ ಮೇಲೆ ಮೆಲೋಡಿಕಾ ತೇಲಿಬರುತ್ತದೆ. ಅದು ಬಾಯಿಂದ ಊದಿ ನುಡಿಸುವ ವಾದ್ಯ; ಹಾರ್ಮೋನಿಯಮ್ಮಿನಂತೆ ಲೋಹದ ನಾಲಗೆಯುಳ್ಳದ್ದು. ಅಲ್ಲಿ ನಾನು ಬಲ್ಲ ನಂಟನೊಬ್ಬನ ದನಿ ಕೇಳಿದಂತಾಯಿತು.

ಆ ಹಾರ್ಮೋನಿಯಮ್ಮಿನ ಕಥೆಯಾದರೂ ಏನು? ಪರದೇಶಿ ವಾದ್ಯ, ಗಮಕ ಬಾರದ ಪೆಟ್ಟಿಗೆ ಎಂದು 1940ರಲ್ಲಿ ಬಾನುಲಿಯು ಅದನ್ನು ಹೊರಗಟ್ಟಿತು. ನಿಷೇಧ ಸಡಿಲವಾದುದು 1971ರಲ್ಲಿ. ಅಷ್ಟರಲ್ಲಿ ಅದು ನಮ್ಮ ಭಜನೆಗೂ ನಾಟಕಕ್ಕೂ ಒಗ್ಗಿಹೋಗಿತ್ತು. ಪಿಟೀಲೂ ಯುರೋಪಿನಿಂದ ಬಂದದ್ದೇ. ಇಂದು ಅದಿಲ್ಲದೆ ಕಚೇರಿಯುಂಟೆ?

ಎಲ್ಲವೂ ಮೆಚ್ಚಿಗೆಯಾಯಿತೆಂದು ನಾನು ಹೇಳುವುದಿಲ್ಲ. ಸಮ್ನರನದು ಪಳಗಿದ ಕಂಠವಲ್ಲ. ಕೆಲವೆಡೆ ಸಾಹಿತ್ಯ ತೆಳುವಾಗಿದೆ. ‘ಅಲ್ಟ್ರಾವಯಲೆನ್ಸ್’ ಎಂಬ ಹಾಡು ನನಗೆ ರುಚಿಸಲಿಲ್ಲ. ಆದರೆ ರುಚಿಸಲಿಲ್ಲವೆನ್ನುವ ಹಕ್ಕನ್ನು ನಾನು ಕೇಳಿ ಪಡೆದಿದ್ದೇನೆ.

ಗಡಿನಾಡಿನ ನಮಗೆ ಈ ನೋವು ಹೊಸದಲ್ಲ. ಶಾಲೆಯ ಹೊಸ್ತಿಲನ್ನೂ ತುಳಿಯದೆ “ಕನ್ನಡ ಶಾಲೆಯೆ? ಅಲ್ಲೇನಿದೆ?” ಎನ್ನುವವರ ಮಾತಿಗೆ ನಾವು ಕುದಿಯುತ್ತೇವೆ. ಅದೇ ಅನ್ಯಾಯವನ್ನು ಮಕ್ಕಳ ಮುಂದೆ ನಾವೇ ಮಾಡಬಹುದೆ? ಇಷ್ಟದ ಹಾಡನ್ನು ನಮ್ಮಿಂದ ಬಚ್ಚಿಡಲು ಕಲಿತ ಹುಡುಗನು ನಾಳೆ ತನ್ನ ಸಂದೇಹವನ್ನೂ ದುಃಖವನ್ನೂ ಬಚ್ಚಿಡುವನು.

ಆ ಹಿರಿಯರಲ್ಲಿ ನನ್ನದೊಂದು ಬಿನ್ನಹ. ಮುಂದಿನ ಸಭೆಗೆ ನಲವತ್ತು ನಿಮಿಷ ಮೊದಲು ದಯಮಾಡಿಸಬೇಕು. ಕೇಳಿದ ಮೇಲೂ ಗದ್ದಲವೆಂದೇ ಹೇಳಿದರೆ ನಾನು ವಾದಿಸುವುದಿಲ್ಲ. ಆದರೆ ಕೇಳದೆ ಆಡಿದ ಮಾತಿಗೆ ಇನ್ನೊಮ್ಮೆ ನಾನು ಚಪ್ಪಾಳೆ ತಟ್ಟಲಾರೆ.