ಕೆಲಸ ಕೊಟ್ಟರೆ ಸಾಲದು, ಕಲಿಸಿ ಉಳಿಸಿಕೊಳ್ಳಲಿ!

ಕನ್ನಡದ ತರುಣರೇ,

ತುಂಗಭದ್ರಾ ಅಣೆಕಟ್ಟಿನ ಒಂದು ದಂಡೆಗೆ ಹೊಸಪೇಟೆಯಿದ್ದರೆ ಇನ್ನೊಂದು ದಂಡೆಗೆ ಕೊಪ್ಪಳ ಜಿಲ್ಲೆಯ ಮುನಿರಾಬಾದ್ ಇದೆ. 2024ರ ಆಗಸ್ಟ್ 10ರ ರಾತ್ರಿ ಈ ಅಣೆಕಟ್ಟಿನ 33 ಗೇಟುಗಳ ಪೈಕಿ 19ನೆಯದರ ಚೈನು ಕಡಿದು, ಗೇಟೇ ಕೊಚ್ಚಿಹೋಯಿತು. ತುಂಬಿ ನಿಂತಿದ್ದ ನೀರು ಕಣ್ಣೆದುರೇ ಹೊಳೆ ಪಾಲಾಗುತ್ತಿದ್ದರೆ ಗಂಗಾವತಿ, ಸಿಂಧನೂರಿನ ಭತ್ತದ ರೈತ ತಲೆ ಮೇಲೆ ಕೈಹೊತ್ತು ಕೂತ.

ಆಗ ಯಾರನ್ನು ಕರೆಸಿದರು ಗೊತ್ತೆ? ಎಂಬತ್ತರ ಆಸುಪಾಸಿನ ನಿವೃತ್ತ ಎಂಜಿನಿಯರ್ ಕನ್ನಯ್ಯ ನಾಯ್ಡು ಅವರನ್ನು! ಧುಮುಕುವ ನೀರಿಗೆ ಅಡ್ಡಲಾಗಿ ಉಕ್ಕಿನ ಸ್ಟಾಪ್‌ಲಾಗ್ ಇಳಿಸಿ, ಒಂದೇ ವಾರದಲ್ಲಿ ಅವರ ತಂಡ ನೀರು ನಿಲ್ಲಿಸಿತು. ನಾಯ್ಡು ಆಂಧ್ರದವರು. ಇರಲಿ, ನಮ್ಮ ನೀರು ಉಳಿಸಿದ ಕೈಗೆ ಭಾಷೆ ಯಾವುದೆಂದು ಕೇಳುವಷ್ಟು ಸಣ್ಣವರು ನಾವಲ್ಲ. ನಮ್ಮ ಪ್ರಶ್ನೆ ಬೇರೆ. ನಿವೃತ್ತರಾಗಿ ಅಷ್ಟು ವರ್ಷ ಕಳೆದ ಮೇಲೂ ಆ ಕೆಲಸಕ್ಕೆ ಅವರೇ ಬೇಕಾಯಿತಲ್ಲ, ಏಕೆ? ಅವರ ಕೈಕೆಳಗೆ ಕಲಿತು, ಇಲ್ಲೇ ಉಳಿದಿರಬೇಕಾದವರು ಎಲ್ಲಿ?

ನಾಯ್ಡು ದುಡಿದದ್ದು ಹೊಸಪೇಟೆಯ ತುಂಗಭದ್ರಾ ಸ್ಟೀಲ್ ಪ್ರಾಡಕ್ಟ್ಸ್‌ನಲ್ಲಿ. 1960ರಲ್ಲಿ ಕಂಪನಿಯಾಗಿ ಹುಟ್ಟಿ, ದೇಶದ ಹಲವು ಅಣೆಕಟ್ಟುಗಳಿಗೆ ಗೇಟು ಮಾಡಿಕೊಟ್ಟ ಕಾರ್ಖಾನೆ ಅದು. 2015ರ ಡಿಸೆಂಬರಿನಲ್ಲಿ ಕೇಂದ್ರ ಸಂಪುಟ ಅದನ್ನು ಮುಚ್ಚುವ ತೀರ್ಮಾನ ಮಾಡಿತು. ಬೀಗ ಬಿದ್ದದ್ದು ಬಾಗಿಲಿಗೆ ಮಾತ್ರವೇ? ಹಿರಿಯ ಕೈಯಿಂದ ಕಿರಿಯ ಕೈಗೆ ಕಸುಬು ದಾಟುವ ದಾರಿಗೂ ಬೀಗ ಬಿತ್ತು.

ಹೋಗಲಿ, ನಡೆಯುತ್ತಿರುವ ಕಾರ್ಖಾನೆಗಳಲ್ಲಾದರೂ ಆ ದಾರಿ ತೆರೆದಿದೆಯೇ? ಮುನಿರಾಬಾದ್, ಗಿಣಿಗೇರಿ ಸುತ್ತ ಕಬ್ಬಿಣ, ಉಕ್ಕಿನ ಚಿಮಣಿಗಳು ಸಾಲಾಗಿ ನಿಂತಿವೆ. ಗುತ್ತಿಗೆಯ ಮೇಲೆ ದುಡಿದು ಬಿಟ್ಟುಬಂದ ಯಾವ ಹುಡುಗನನ್ನಾದರೂ ಕೇಳಿ. ಮೊದಲ ದಿನ ಕೈಗೆ ಹೆಲ್ಮೆಟ್, ಕಾಗದದ ಮೇಲೊಂದು ಸಹಿ. ಸುರಕ್ಷತೆಯ ಪಾಠ ಅರ್ಧ ಗಂಟೆ, ಅದೂ ಹಿಂದಿಯಲ್ಲಿ. ಮಷೀನಿನ ಮೇಲಿನ ಬರಹ ಇಂಗ್ಲಿಷಿನಲ್ಲಿ. ಕುಷ್ಟಗಿಯಿಂದ ಬಂದ ಐಟಿಐ ಹುಡುಗ ಯಾರನ್ನು ಕೇಳಬೇಕು? ಕೇಳಿದರೆ ದಡ್ಡ, ಕೇಳದಿದ್ದರೆ ಅಪಘಾತ! ಮೂರು ತಿಂಗಳಿಗೆ ಅವನು ಹೊರಗೆ, ಅವನ ಜಾಗಕ್ಕೆ ಇನ್ನೊಬ್ಬ. ಆಮೇಲೆ ಗುತ್ತಿಗೆದಾರನ ರಾಗ ಶುರು: "ಈ ಕಡೀ ಹುಡುಗರು ನಿಲ್ಲಂಗಿಲ್ರಿ."

ನಿಲ್ಲಲು ನೆಲ ಎಲ್ಲಿ ಕೊಟ್ಟೆಯಪ್ಪಾ?

ಇದು ಕೊಪ್ಪಳದ ಪಾಡು ಮಾತ್ರವಲ್ಲ. ಬೆಂಗಳೂರಿಗೆ ಹತ್ತಿರದ ಕೋಲಾರದ ನರಸಾಪುರವನ್ನು ನೆನೆಯಿರಿ. 2020ರ ಡಿಸೆಂಬರ್ 12ರಂದು ಅಲ್ಲಿನ ವಿಸ್ಟ್ರಾನ್ ಐಫೋನ್ ಕಾರ್ಖಾನೆಯಲ್ಲಿ ಸಂಬಳದ ಸಿಟ್ಟು ದಾಂಧಲೆಯಾಯಿತು. ಗಾಜು ಒಡೆದದ್ದು ತಪ್ಪೇ. ಆದರೆ ಕಾರ್ಖಾನೆಗಳ ಇಲಾಖೆಯ ವರದಿ ಹೇಳಿದ್ದೇನು? ಸ್ವಲ್ಪವೇ ಕಾಲದಲ್ಲಿ ಕಾರ್ಮಿಕರ ಸಂಖ್ಯೆ 5,000ದಿಂದ 10,500ಕ್ಕೆ ಏರಿತ್ತು. ಅಷ್ಟು ಜನರನ್ನು ನೋಡಿಕೊಳ್ಳಲು ಕಾನೂನು ಬಲ್ಲ ಸಿಬ್ಬಂದಿ ಸಾಕಷ್ಟಿರಲಿಲ್ಲ. ಜನರನ್ನು ತುಂಬಿಕೊಳ್ಳುವುದೇ ಬೇರೆ, ಸೇರಿಸಿಕೊಳ್ಳುವುದೇ ಬೇರೆ!

ಇದರ ಲೆಕ್ಕವನ್ನು ಅಮೆರಿಕದ ಹೆನ್ರಿ ಫೋರ್ಡ್ ನೂರು ವರ್ಷಕ್ಕೂ ಹಿಂದೆಯೇ ಹಾಕಿದ್ದ. 1913ರಲ್ಲಿ ಸುಮಾರು 14,000 ಜನರ ಕಾರ್ಖಾನೆ ನಡೆಸಲು ಅವನು 52,000ಕ್ಕೂ ಹೆಚ್ಚು ಜನರನ್ನು ನೇಮಿಸಬೇಕಾಯಿತು. ಬಂದವರು ಬಂದಂತೆ ಬಿಟ್ಟುಹೋಗುತ್ತಿದ್ದರು. 1914ರಲ್ಲಿ ದಿನದ ದುಡಿಮೆಯನ್ನು ಎಂಟು ಗಂಟೆಗೆ ಇಳಿಸಿ, ಕೂಲಿಯನ್ನು ಐದು ಡಾಲರ್‌ಗೆ ಏರಿಸಿದ. ಹೊರನಾಡಿನಿಂದ ಬಂದ ಕಾರ್ಮಿಕರಿಗೆ ಆ ನೆಲದ ಭಾಷೆ ಕಲಿಸಲು ಶಾಲೆಯನ್ನೂ ತೆರೆದ. ಫೋರ್ಡ್ ಧರ್ಮಾತ್ಮನಲ್ಲ, ಲೆಕ್ಕ ಬಲ್ಲವನು. ಅಲ್ಲಿ ಬಂದವರಿಗೆ ನೆಲದ ಭಾಷೆ ಕಲಿಸಿದರು. ಇಲ್ಲಿ ನೆಲದ ಮಗನೇ ಬಂದವರ ಭಾಷೆ ಕಲಿತು ಕೆಲಸ ಉಳಿಸಿಕೊಳ್ಳಬೇಕು. ಇದೆಂಥ ನ್ಯಾಯ?

ಸರೋಜಿನಿ ಮಹಿಷಿ ಸಮಿತಿ 1986ರಲ್ಲಿ ವರದಿ ಕೊಟ್ಟಿತು. ಸ್ಥಳೀಯರಿಗೆ ಖಾಸಗಿ ಕೆಲಸ ಮೀಸಲಿಡುವ ಮಸೂದೆ 2024ರ ಜುಲೈನಲ್ಲಿ ಸಂಪುಟ ದಾಟಿ, ಕೆಲವೇ ದಿನಗಳಲ್ಲಿ ತಡೆಗೆ ಬಿತ್ತು. ಶೇಕಡಾವಾರಿನ ಹೋರಾಟ ನಡೆಯಲೇಬೇಕು. ಆದರೆ ಅದು ಕಾರ್ಖಾನೆಯ ಗೇಟಿನಲ್ಲೇ ನಿಲ್ಲಬಾರದು. ನೂರು ಕನ್ನಡಿಗರು ಒಳಗೆ ಹೋಗಿ ತೊಂಬತ್ತು ಜನ ವರ್ಷದೊಳಗೆ ಹೊರಬಿದ್ದರೆ ಆ ಶೇಕಡಾವಾರು ಯಾರ ಹೊಟ್ಟೆ ತುಂಬಿಸೀತು?

ಆದ್ದರಿಂದ ಗೆಳೆಯರೇ, ಉಕ್ಕಿನ ಕಾರ್ಖಾನೆಯಿರಲಿ, ಮಾಲ್ ಇರಲಿ, ಕಾಲ್ ಸೆಂಟರ್ ಇರಲಿ, ಸೇರುವ ದಿನವೇ ಮೂರು ಮಾತು ಕೇಳಿ. ಒಂದು, ನೇಮಕಾತಿ ಪತ್ರ ಎಲ್ಲಿ? 2025ರ ನವೆಂಬರ್ 21ರಂದು ಜಾರಿಗೆ ಬಂದ ಕಾರ್ಮಿಕ ಸಂಹಿತೆಯಂತೆ ಅದನ್ನು ಪ್ರತಿ ನೌಕರನಿಗೂ ಕೊಡಲೇಬೇಕು. ಅದು ಕನ್ನಡದಲ್ಲೂ ಇರಲಿ. ಎರಡು, ಕೆಲಸವನ್ನೂ ಸುರಕ್ಷತೆಯನ್ನೂ ಕನ್ನಡದಲ್ಲಿ ಕಲಿಸುವವರು ಯಾರು? ಮೂರು, ನಾನು ಯಾವ ಹಿರಿಯನ ಜೊತೆ, ಎಷ್ಟು ತಿಂಗಳು ಕಲಿಯುತ್ತೇನೆ?

ಒಬ್ಬನೇ ಕೇಳಿದರೆ ಕೆಲಸ ಹೋದೀತು. ಹತ್ತು ಜನ ಸೇರಿ ಕೇಳಿ, ಸಂಘ ಕಟ್ಟಿ ಕೇಳಿ. ಮುಂದೊಂದು ದಿನ ಇನ್ನೊಂದು ಗೇಟಿನ ಚೈನು ಕಡಿದರೆ ಅದನ್ನು ಹಿಡಿದು ನಿಲ್ಲಿಸುವ ಕಸುಬು ಈ ನೆಲದ ಹುಡುಗರ ಕೈಯಲ್ಲಿರಬೇಕು.