ಪಾವಗಡ ಸೌರ ಪಾರ್ಕ್: ಬೆಳಕು ರಾಜ್ಯಕ್ಕೆ, ಬೆಳವಣಿಗೆ ಯಾರಿಗೆ?

ನವೀಕರಿಸಬಹುದಾದ ಇಂಧನದ ಬಳಕೆ ಹೆಚ್ಚಿದರೆ ಆರ್ಥಿಕ ಬೆಳವಣಿಗೆ ತಾನಾಗಿಯೇ ಹಿಂಬಾಲಿಸುತ್ತದೆ ಎಂಬುದು ಸರ್ಕಾರಗಳ ನೆಚ್ಚಿನ ವಾದ. ಈ ವಾದವನ್ನು ಒರೆಗೆ ಹಚ್ಚಲು ತುಮಕೂರು ಜಿಲ್ಲೆಯ ಪಾವಗಡಕ್ಕಿಂತ ಸೂಕ್ತ ಸ್ಥಳ ರಾಜ್ಯದಲ್ಲಿ ಮತ್ತೊಂದಿಲ್ಲ.

ಬರಪೀಡಿತ ತಾಲ್ಲೂಕೆಂದೇ ಹೆಸರಾದ ಇಲ್ಲಿ, ತಿರುಮಣಿ ಸುತ್ತಲಿನ ಐದು ಗ್ರಾಮಗಳ ಸುಮಾರು 13 ಸಾವಿರ ಎಕರೆ ಪ್ರದೇಶದಲ್ಲಿ 2,050 ಮೆಗಾವಾಟ್ ಸಾಮರ್ಥ್ಯದ ಸೌರ ಪಾರ್ಕ್ ತಲೆಯೆತ್ತಿದೆ. 2018ರ ಮಾರ್ಚ್‌ನಲ್ಲಿ ಉದ್ಘಾಟನೆಗೊಂಡ ಪಾರ್ಕ್ 2019ರ ಅಂತ್ಯಕ್ಕೆ ಪೂರ್ಣ ಸಾಮರ್ಥ್ಯ ತಲುಪಿತು.

ರಾಜ್ಯದ ಮಟ್ಟಿಗೆ ಇದರ ಲಾಭ ನಿರ್ವಿವಾದ. ಕರ್ನಾಟಕದಲ್ಲಿ ಕಲ್ಲಿದ್ದಲು ಗಣಿಗಳಿಲ್ಲ. ರಾಯಚೂರು, ಬಳ್ಳಾರಿಯ ವಿದ್ಯುತ್ ಸ್ಥಾವರಗಳು ಹೊರಗಿನಿಂದ ಬರುವ ಕಲ್ಲಿದ್ದಲನ್ನೇ ನೆಚ್ಚಿಕೊಂಡಿವೆ. ಮಳೆ ಕೈಕೊಟ್ಟರೆ ಜಲವಿದ್ಯುತ್ತೂ ಕುಸಿಯುತ್ತದೆ ಎಂಬುದನ್ನು 2023ರ ಬರ ಮತ್ತೊಮ್ಮೆ ತೋರಿಸಿಕೊಟ್ಟಿತು. ಬಿಸಿಲಿಗೆ ಗಣಿಯ ಹಂಗೂ ಇಲ್ಲ, ಜಲಾಶಯದ ಹಂಗೂ ಇಲ್ಲ.

ಜಮೀನುಳ್ಳವರಿಗೂ ನೆಮ್ಮದಿ ದೊರೆತಿದೆ. ಭೂಮಿಯನ್ನು ಸ್ವಾಧೀನಪಡಿಸಿಕೊಳ್ಳದೆ ಗುತ್ತಿಗೆಗೆ ಪಡೆಯಲಾಯಿತು. ಎಕರೆಗೆ ವರ್ಷಕ್ಕೆ 21 ಸಾವಿರ ರೂಪಾಯಿ ಬಾಡಿಗೆ, ಎರಡು ವರ್ಷಕ್ಕೊಮ್ಮೆ ಶೇ 5ರಷ್ಟು ಹೆಚ್ಚಳ ಎಂಬುದು ಒಪ್ಪಂದ. ಒಡೆತನ ರೈತರಲ್ಲೇ ಉಳಿಯಿತು. ಕಡಲೆಕಾಯಿ ಬಿತ್ತಿ ಮುಗಿಲು ನೋಡುತ್ತಿದ್ದವರಿಗೆ ಇದು ಖಚಿತ ಆದಾಯ.

ಆದರೆ ಬಾಡಿಗೆ ಪಹಣಿಯನ್ನು ನೋಡುತ್ತದೆಯೇ ಹೊರತು ಬಡತನವನ್ನಲ್ಲ. ಆರಂಭಿಕ ದರದಂತೆ ಹತ್ತು ಎಕರೆಯ ಒಡೆಯನಿಗೆ ವರ್ಷಕ್ಕೆ 2.10 ಲಕ್ಷ ರೂಪಾಯಿ. ಒಂದು ಎಕರೆಯವನಿಗೆ ತಿಂಗಳಿಗೆ 1,750 ರೂಪಾಯಿ. ಅದೇ ಹೊಲಗಳಲ್ಲಿ ಕಳೆ ಕಿತ್ತು, ಕಟಾವು ಮಾಡಿ ಬದುಕುತ್ತಿದ್ದ ಭೂರಹಿತನಿಗೆ ಏನೂ ಇಲ್ಲ. ಅವನ ಕೂಲಿಯೂ ನಿಂತಿತು. ಕುರಿಗಾಹಿಗಳ ಮೇವಿನ ಬಯಲೂ ಬೇಲಿಯೊಳಗೆ ಸೇರಿತು.

ಪಾರ್ಕ್ ನಿರ್ಮಾಣದ ವೇಳೆ ಕೆಲಸವಿತ್ತು. ಈಗ ಉಳಿದಿರುವುದು ಕಾವಲು, ಹುಲ್ಲು ತೆಗೆಯುವುದು, ಫಲಕ ತೊಳೆಯುವುದು ಮುಂತಾದ ಕೆಲವೇ ಕೆಲಸಗಳು. ಇದು ಆಕಸ್ಮಿಕವಲ್ಲ. ಸೌರ ಸ್ಥಾವರಕ್ಕೆ ಇಂಧನದ ಖರ್ಚಿಲ್ಲ, ಹೆಚ್ಚು ಕೈಗಳೂ ಬೇಕಿಲ್ಲ. ವಿದ್ಯುತ್ ಅಗ್ಗವಾಗಲು ಯಾವುದು ಕಾರಣವೋ ಉದ್ಯೋಗ ವಿರಳವಾಗಲೂ ಅದೇ ಕಾರಣ.

ಹೀಗಾಗಿ ವಿದ್ಯುತ್ ಉತ್ಪಾದನೆಯಾಗುವುದು ಒಂದು ಕಡೆ, ಅದರಿಂದಾಗುವ ಬೆಳವಣಿಗೆ ದಾಖಲಾಗುವುದು ಕಾರ್ಖಾನೆಗಳಿರುವ ಇನ್ನೊಂದು ಕಡೆ. ಗುತ್ತಿಗೆ ಮಾದರಿ ರೈತನನ್ನು ಒಕ್ಕಲೆಬ್ಬಿಸಲಿಲ್ಲ ಎಂಬುದು ಸಣ್ಣ ಸಾಧನೆಯೇನಲ್ಲ. ಆದರೆ ಮುಂದಿನ ಸೌರ ಪಾರ್ಕ್‌ಗಳ ಒಪ್ಪಂದದಲ್ಲಿ ಕೂಲಿಕಾರರಿಗೂ ಒಂದು ಪಾಲು ನಿಗದಿಯಾಗಬೇಕು, ಉತ್ಪಾದನೆಯಾದ ತಾಲ್ಲೂಕಿನಲ್ಲೇ ಆ ವಿದ್ಯುತ್ತನ್ನು ಬಳಸುವ ಉದ್ದಿಮೆಗಳು ನೆಲೆಯೂರಬೇಕು. ಇಲ್ಲವಾದರೆ ಬೆಳವಣಿಗೆಯೂ ವಿದ್ಯುತ್ತಿನಂತೆಯೇ ತಂತಿಯೇರಿ ಊರು ದಾಟಿ ಹೋಗುತ್ತದೆ.