ಬೀಗವಿಲ್ಲದ ತೂಬು, ಹುಸಿ ದೂರು

ಜಮಖಂಡಿ ತಾಲ್ಲೂಕಿನ ಚಿಕ್ಕಪಡಸಲಗಿ ಎಂದೊಡನೆ ನೆನಪಾಗುವುದು ಬ್ಯಾರೇಜು. 1989ರಲ್ಲಿ ಸಿದ್ದು ನ್ಯಾಮಗೌಡರ ಮುಂದಾಳತ್ವದಲ್ಲಿ ರೈತರೇ ಹಣ ಕೂಡಿಸಿ, ಮೈಮುರಿದು ದುಡಿದು ಕೃಷ್ಣೆಗೆ ಅಡ್ಡಲಾಗಿ ಕಟ್ಟಿದ್ದು ಅದು. ಇಂಥ ನದಿದಂಡೆಯ ಊರಿನಲ್ಲಿ ಒಂದೇ ಕಾಲುವೆಯಿಂದ ಇಬ್ಬರು ರೈತರು ನೀರು ಹಾಯಿಸುತ್ತಾರೆ ಎನ್ನಿ. ಹಗಲು ಒಬ್ಬರ ಪಾಳಿ, ರಾತ್ರಿ ಇನ್ನೊಬ್ಬರದು. ತೂಬಿಗೆ ಬೀಗವಿಲ್ಲ, ಬೇಕಾಗಿಯೂ ಇಲ್ಲ. ಹೊರಗಿನಿಂದ ಬಂದ ಕಾವಲುಗಾರ ಬೀಗವಿಲ್ಲದ್ದನ್ನಷ್ಟೇ ನೋಡಿ ‘ಇಲ್ಲಿ ಜಗಳ ಖಂಡಿತ’ ಎಂದು ದೂರು ಕೊಟ್ಟರೆ ಅದು ಹುಸಿ ದೂರು. ಅವನಿಗೆ ಪಾಳಿಯ ವಿಷಯ ಗೊತ್ತಿಲ್ಲ, ಅಷ್ಟೆ.

ಕಂಪ್ಯೂಟರಿಗೂ ಇಂಥ ಕಾವಲುಗಾರರಿದ್ದಾರೆ. ಆಪರೇಟಿಂಗ್ ಸಿಸ್ಟಂನ ತಿರುಳಾದ ಕರ್ನೆಲ್ ಏಕಕಾಲಕ್ಕೆ ಹಲವು ಕೆಲಸಗಳನ್ನು ನಡೆಸುತ್ತದೆ. ಮೆಮೊರಿಯ ಒಂದು ಜಾಗದಲ್ಲಿ 10 ಎಂಬ ಅಂಕಿ ಇದೆ. ಎರಡು ಕೆಲಸಗಳು ಒಂದೇ ಗಳಿಗೆಯಲ್ಲಿ ಅದನ್ನು ಓದಿ, ತಲಾ ಒಂದು ಕೂಡಿಸಿ, ತಿರುಗಿ ಬರೆದರೆ 12 ಆಗಬೇಕಾದದ್ದು 11 ಆಗಿಬಿಡಬಹುದು. ಇದಕ್ಕೆ ‘ಡೇಟಾ ರೇಸ್’ ಎನ್ನುತ್ತಾರೆ. ಸಾವಿರ ಸಲ ಸರಿಯಾಗಿ ನಡೆದದ್ದು ಒಂದು ಸಲ ಕೈಕೊಡುತ್ತದೆ. ಹುಡುಕಲು ಹೋದರೆ ಸಿಗುವುದಿಲ್ಲ.

ಪರಿಣಾಮ ಸಣ್ಣದಲ್ಲ. 2003ರ ಆಗಸ್ಟ್ 14ರಂದು ಅಮೆರಿಕ ಮತ್ತು ಕೆನಡಾದ ಸುಮಾರು 5 ಕೋಟಿ ಜನ ಕತ್ತಲಲ್ಲಿ ಉಳಿದರು. ಓಹಿಯೊದ ವಿದ್ಯುತ್ ನಿಯಂತ್ರಣ ಕೊಠಡಿಯಲ್ಲಿ ಎಚ್ಚರಿಕೆ ನೀಡಬೇಕಿದ್ದ ತಂತ್ರಾಂಶವೇ ಇಂಥ ಪೈಪೋಟಿಗೆ ಸಿಕ್ಕಿ ಸ್ತಬ್ಧವಾಗಿತ್ತು. ಲೈನುಗಳು ಕೈಕೊಡುತ್ತಿದ್ದರೂ ಸಿಬ್ಬಂದಿಗೆ ಸುಳಿವು ಸಿಗಲಿಲ್ಲ.

ಹಾಗಾದರೆ ಅನುಮಾನ ಬಂದಲ್ಲೆಲ್ಲ ಕೂಗುವ ಪತ್ತೆದಾರ ತಂತ್ರಾಂಶ ಇಟ್ಟರಾಯಿತಲ್ಲ? ಆಗದು. ‘ತೋಳ ಬಂತು’ ಎಂದು ದಿನವೂ ಕೂಗಿದ ಹುಡುಗನ ಕಥೆ ಎಲ್ಲರಿಗೂ ಗೊತ್ತು. ನೂರು ದೂರುಗಳಲ್ಲಿ ತೊಂಬತ್ತು ಹುಸಿಯಾದರೆ ಉಳಿದ ಹತ್ತನ್ನೂ ಯಾರೂ ಓದುವುದಿಲ್ಲ.

ಹುಸಿ ಕಡಿಮೆ ಮಾಡಲು ಎರಡು ದಾರಿಗಳಿವೆ. ಮೊದಲನೆಯದು ಕಣ್ಣಾರೆ ಕಂಡದ್ದನ್ನೇ ಹೇಳುವುದು. 2010ರಲ್ಲಿ ಮೈಕ್ರೋಸಾಫ್ಟ್ ಸಂಶೋಧಕರು ಪ್ರಕಟಿಸಿದ ‘ಡೇಟಾಕೊಲೈಡರ್’ ಹೀಗೆ ಕೆಲಸ ಮಾಡುತ್ತದೆ. ಕೆಲವು ಜಾಗಗಳನ್ನು ಆರಿಸಿ, ಒಂದು ಕೆಲಸವನ್ನು ಅರೆಗಳಿಗೆ ತಡೆದು, ಅಷ್ಟರಲ್ಲಿ ಇನ್ನೊಂದು ಅಲ್ಲಿಗೇ ಕೈಹಾಕುತ್ತದೆಯೇ ಎಂದು ಕಾಯುತ್ತದೆ. ವಿಂಡೋಸ್ 7ರ ಕರ್ನೆಲ್‌ನಲ್ಲಿ ಅದು 25 ನಿಜವಾದ ದೋಷಗಳನ್ನು ತೋರಿಸಿತು. ಸಿಕ್ಕ ಪೈಪೋಟಿಗಳಲ್ಲಿ ಅಂಕಿಅಂಶದ ಎಣಿಕೆಯಂಥ ನಿರುಪದ್ರವಿಗಳೂ ಇದ್ದವು. ಅವನ್ನು ಜರಡಿ ಹಿಡಿದು ಬೇರೆ ಮಾಡಬೇಕಾಯಿತು. ಈ ದಾರಿಗೆ ಮಿತಿಯೂ ಇದೆ: ಕಾದಾಗ ನಡೆಯದ್ದು ಕಣ್ಣಿಗೆ ಬೀಳುವುದಿಲ್ಲ.

ಎರಡನೆಯದು ಪಾಳಿಯನ್ನು ಅರಿಯುವುದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಿಕಿತಾ ಚೋಪ್ರಾ, ರೇಖಾ ಪೈ ಮತ್ತು ದೀಪಕ್ ಡಿಸೋಜ 2019ರಲ್ಲಿ ಈ ದಾರಿ ಹಿಡಿದರು. ಪುಟ್ಟ ಉಪಕರಣಗಳಲ್ಲಿ ಬಳಸುವ ‘ಫ್ರೀಆರ್‌ಟಿಒಎಸ್’ನ ಕರ್ನೆಲ್ ಅವರ ಪರೀಕ್ಷೆಯ ವಸ್ತು. ಪ್ರೋಗ್ರಾಮನ್ನು ಓಡಿಸದೆ, ಬರೆದದ್ದನ್ನು ಓದಿಯೇ ದೋಷ ಹುಡುಕುವ ವಿಧಾನ ಇದು. ಈ ಕರ್ನೆಲ್ ಎಲ್ಲೆಡೆ ಬೀಗ ಹಾಕುವುದಿಲ್ಲ. ಕೆಲವು ಕಡೆ ‘ಇಂಟರಪ್ಟ್’ ಎಂಬ ತುರ್ತು ಕರೆಗಳಿಗೆ ಸ್ವಲ್ಪ ಹೊತ್ತು ಕದ ಮುಚ್ಚುತ್ತದೆ. ಇನ್ನು ಕೆಲವು ಕಡೆ ಕೆಲಸಗಳ ಸರದಿ ಬದಲಾಗದಂತೆ ತಡೆಹಿಡಿಯುತ್ತದೆ. ಬೀಗವನ್ನಷ್ಟೇ ಬಲ್ಲ ಪತ್ತೆದಾರ ಇಲ್ಲೆಲ್ಲ ಸುಳ್ಳು ಕೂಗು ಹಾಕುತ್ತಾನೆ. ಆದ್ದರಿಂದ ಅವರು ಕೇಳಿದ ಪ್ರಶ್ನೆಯೇ ಬೇರೆ: ಈ ಎರಡು ತುಣುಕುಗಳು ಒಂದರ ನಡುವೆ ಒಂದು ನುಗ್ಗಲು ಸಾಧ್ಯವೇ? ಸಾಧ್ಯವಿಲ್ಲದಿದ್ದರೆ ದೂರು ಬೇಡ.

ಇಲ್ಲೊಂದು ಸೂಕ್ಷ್ಮವಿದೆ. ಸರದಿ ತಡೆಹಿಡಿದಾಗ ಬೇರೆ ಕೆಲಸ ನುಗ್ಗುವುದಿಲ್ಲ. ಆದರೆ ತುರ್ತು ಕರೆ ನುಗ್ಗಬಲ್ಲದು. ಪಾಳಿ ರೈತರನ್ನು ಕಟ್ಟಿಹಾಕುತ್ತದೆ, ಮಳೆಯನ್ನಲ್ಲ. ‘ಇಲ್ಲಿ ರಕ್ಷಣೆ ಇದೆ’ ಎಂದಷ್ಟೇ ನಂಬಿ ಬಾಯಿ ಮುಚ್ಚಿದರೆ ನಿಜವಾದ ದೋಷವೂ ಮುಚ್ಚಿಹೋಗುತ್ತದೆ. ಯಾರಿಂದ ರಕ್ಷಣೆ ಎಂದು ಜೋಡಿ ಜೋಡಿಯಾಗಿ ನೋಡಬೇಕು.

ದೂರುಗಳ ಸಂಖ್ಯೆ ಇಳಿಸುವುದು ಸುಲಭ, ಪತ್ತೆದಾರನ ಬಾಯಿಗೆ ಬಟ್ಟೆ ಕಟ್ಟಿದರಾಯಿತು. ಉಳಿದ ದೂರುಗಳು ನಂಬಲು ಯೋಗ್ಯವಾಗುವಂತೆ ಮಾಡುವುದು ಕಷ್ಟದ ಕೆಲಸ. ಫ್ರೀಆರ್‌ಟಿಒಎಸ್‌ನ ಪ್ರೋಗ್ರಾಮು ಯಾರು ಬೇಕಾದರೂ ಓದುವಂತೆ ತೆರೆದಿದೆ. ಸಿ ಭಾಷೆ ಕಲಿತ ವಿದ್ಯಾರ್ಥಿ ಅದನ್ನು ತೆರೆದು, ಒಂದೊಂದು ಅಂಕಿಯನ್ನೂ ಯಾರು ಯಾರು ಮುಟ್ಟುತ್ತಾರೆ, ಅವರ ನಡುವಿನ ಪಾಳಿ ಯಾವುದು ಎಂದು ಗುರುತು ಹಾಕಿಕೊಳ್ಳಬಹುದು. ಅದಕ್ಕೆ ಬೇಕಾದ್ದು ಒಂದು ಸಾಧಾರಣ ಕಂಪ್ಯೂಟರು ಮತ್ತು ತಾಳ್ಮೆ.